ಹೋರಿ ಗೂಟದಲ್ಲಿದೆ, ಕೊಟ್ಟಿಗೆ ಬಿಟ್ಟಿಲ್ಲ

(ಹುಬ್ಬಳ್ಳಿಯ ತೆಂಕಣಕ್ಕೆ, ಗಬ್ಬೂರು ಕಡೆಯ ಸಮುದಾಯ ಭವನವೊಂದರಲ್ಲಿ ಕಾಯಿಪಲ್ಯ ಬೆಳೆಯುವ ರೈತರ ಮತ್ತು ಹೆಣ್ಣುಮಕ್ಕಳ ಎದುರು ಆಡಿದ ಮಾತು. ಗಟಾರದ ನೀರು ಹಾಯ್ದ ಹೊಲದಲ್ಲಿ ಕೂತ ಸೀಸ, ಕ್ಯಾಡ್ಮಿಯಂನಂಥ ಭಾರಲೋಹವನ್ನು ಇದ್ದಲಿಯಿಂದ ಕಟ್ಟಿಹಾಕುವುದು ಇದರ ವಿಷಯ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಬಿಟ್ಟಿದ್ದೇನೆ.)

ಮಾತು ಶುರು ಮಾಡುವ ಮೊದಲು ಈ ತಟ್ಟೆಯಲ್ಲಿರುವ ಕರೀ ತುಂಡುಗಳನ್ನು ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನೋಡಿ, ಪಕ್ಕದವರಿಗೆ ದಾಟಿಸಿ. ಹೋದ ಹಂಗಾಮಿನಲ್ಲಿ ಹೊಲದಲ್ಲಿ ನಿಂತಿದ್ದ ಹತ್ತಿಕಟ್ಟಿಗೆ ಇದು. ಮುರಿದರೆ ಚಟ್ ಅನ್ನುತ್ತದೆ. ಒಂದಕ್ಕೊಂದು ತಾಗಿಸಿದರೆ ಗಾಜಿನ ಬಳೆಯ ಸದ್ದು ಬರುತ್ತದೆ. ಮುರಿದ ಮುಖವನ್ನು ನಾಲಗೆಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ. ನಗಬೇಡಿ, ನಾನು ಬೆಳಿಗ್ಗೆಯೇ ಮುಟ್ಟಿಸಿಕೊಂಡು ಬಂದಿದ್ದೇನೆ. ಅಂಟುವುದು ಯಾಕೆಂದರೆ ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳಿವೆ, ಅವು ನಾಲಗೆಯ ಪಸೆ ಹೀರುತ್ತವೆ. ಗಿಡ ಜೀವಂತ ಇದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಕೊಳವೆಗಳು ಅದರಲ್ಲಿ ಹಾಗೇ ಉಳಿದಿವೆ. ಚೆನ್ನಾಗಿ ಸುಟ್ಟ ಒಂದು ಗ್ರಾಂ ಇದ್ದಲಿಯ ಒಳಮೈಯನ್ನು ಬಿಡಿಸಿ ಹಾಸಲು ಬಂದರೆ ನೂರಾರು ಚದರ ಮೀಟರ್ ಆಗುತ್ತದೆ. ಈ ಭವನದ ನೆಲ ಅದಕ್ಕೆ ಸಾಲಲಿಕ್ಕಿಲ್ಲ.

ಇದಕ್ಕೆ ಈಗ ಎಲ್ಲರೂ ಬಯೋಚಾರ್ ಅನ್ನುತ್ತಾರೆ. ಗಾಳಿ ಸರಿಯಾಗಿ ಸಿಗದಂತೆ ಮಾಡಿ ಕಟ್ಟಿಗೆ, ಕಡ್ಡಿ, ಹೊಟ್ಟನ್ನು 300ರಿಂದ 700 ಡಿಗ್ರಿ ಕಾವಿನಲ್ಲಿ ಬೇಯಿಸಿದರೆ ಉಳಿಯುವ ಇಂಗಾಲ ಇದು. ಗಾಳಿ ಪೂರ್ತಿ ಸಿಕ್ಕರೆ ಬೂದಿ, ಸಿಗದಿದ್ದರೆ ಇದ್ದಲಿ. ಅಷ್ಟೇ ವ್ಯತ್ಯಾಸ. ಮಣ್ಣಿಗೆ ಹಾಕುವ ಉದ್ದೇಶಕ್ಕೆ ಮಾಡಿದ್ದು ಬಯೋಚಾರ್, ಒಲೆಗೆ ಮಾಡಿದ್ದು ಬರೀ ಇದ್ದಲಿ. ಅಮೆಜಾನ್ ಕಾಡಿನಲ್ಲಿ ಸಾವಿರಾರು ವರ್ಷ ಹಿಂದಿನ ಜನ ಇದ್ದಲಿ, ಎಲುಬು, ಮನೆಯ ಕಸ ಸೇರಿಸಿ ಮಾಡಿಟ್ಟ ಕಪ್ಪು ಮಣ್ಣು ಇವತ್ತಿಗೂ ಸುತ್ತಲಿನ ಬಡ ಮಣ್ಣಿಗಿಂತ ಫಲವತ್ತಾಗಿದೆ. ಈ ಕಥೆಯನ್ನು ಬಯೋಚಾರ್ ಮಾರುವವರೆಲ್ಲ ಹೇಳುತ್ತಾರೆ. ನಾನು ಅದಕ್ಕಾಗಿ ಬಂದಿಲ್ಲ. ನಮ್ಮ ವಿಷಯ ನಾಲಾ.

ಹುಬ್ಬಳ್ಳಿ-ಧಾರವಾಡಕ್ಕೆ ತನ್ನದೆಂಬ ದೊಡ್ಡ ಹೊಳೆ ಇಲ್ಲ. ಕುಡಿಯುವ ನೀರು ಸವದತ್ತಿಯ ಮಲಪ್ರಭೆಯಿಂದ ಪೈಪಿನಲ್ಲಿ ಬರುತ್ತದೆ, ಬಳಸಿ ಬಿಟ್ಟಿದ್ದು ಗಟಾರ ಹಿಡಿಯುತ್ತದೆ. ಉಣಕಲ್ ಕೆರೆಯಿಂದ ಹೊರಟು ಊರೊಳಗೆ ಹಾಯುವ ನಾಲಾ, ಊರು ದಾಟುವಾಗ ವರ್ಷದ ಹನ್ನೆರಡೂ ತಿಂಗಳು ಬತ್ತದ ನೀರಾಗಿರುತ್ತದೆ. ಮಳೆ ನೆಚ್ಚಿ ಕೂಡುವ ಸೀಮೆಯಲ್ಲಿ, ಬೋರು ಸವುಳಾಗಿರುವ ಕಡೆ, ಬೇಸಿಗೆಯಲ್ಲೂ ಬತ್ತದ, ಮೇಲೆ ಗೊಬ್ಬರದ ಸತ್ವವನ್ನೂ ಹೊತ್ತು ತರುವ ನೀರನ್ನು ಯಾರು ಬಿಟ್ಟಾರು? ಬಿಡನಾಳ, ಗಬ್ಬೂರು ಕಡೆಯವರು ಪಂಪು ಇಟ್ಟು ಅದನ್ನು ಎತ್ತಿದರು. ಅದನ್ನು ತಪ್ಪು ಅನ್ನುವ ಬಾಯಿ ನನಗಿಲ್ಲ. ಪೇಟೆಗೆ ಅಗ್ಗದ ಪಾಲಕ್, ಮೆಂತ್ಯ, ಕೊತಂಬರಿ ಬಂದಿದ್ದು ಹೀಗೇ. ಅದಕ್ಕೂ ಹಿಂದೆ ಊರ ಕಸದ ಗುಂಡಿಗಳು ಹರಾಜಾಗುತ್ತಿದ್ದವು, ರೈತರು ಚಕ್ಕಡಿ ಕಟ್ಟಿಕೊಂಡು ಬಂದು ಗೊಬ್ಬರ ಒಯ್ಯುತ್ತಿದ್ದರು. ಹಿರಿಯರಿಗೆ ನೆನಪಿದ್ದೀತು. ಆಗಿನ ಕಸ ಕೊಳೆಯುತ್ತಿತ್ತು. ಆಮೇಲಿನ ಕಸದಲ್ಲಿ ಟಾರ್ಚಿನ ಸೆಲ್ಲು, ಬಣ್ಣದ ಡಬ್ಬಿ, ಮುರಿದ ರೇಡಿಯೊ ಎಲ್ಲ ಬಂದವು.

ಮನೆಯ ಮಲಮೂತ್ರ ಮಣ್ಣಿಗೆ ಬಿದ್ದರೆ ಮಣ್ಣು ಅದನ್ನು ಅರಗಿಸುತ್ತದೆ. ಸೀಸ, ಕ್ಯಾಡ್ಮಿಯಂ, ನಿಕಲ್, ಕ್ರೋಮಿಯಂ ಅರಗುವ ಜಾತಿಯಲ್ಲ. ಬ್ಯಾಟರಿ ಒಡೆಯುವಲ್ಲಿಂದ, ಲೋಹಕ್ಕೆ ಮುಲಾಮು ಹಚ್ಚುವ ಪ್ಲೇಟಿಂಗ್ ಕೆಲಸದಿಂದ, ಗ್ಯಾರೇಜಿನ ಗಟಾರದಿಂದ, 2000ದವರೆಗೆ ಪೆಟ್ರೋಲಿನಲ್ಲಿ ಬೆರೆಯುತ್ತಿದ್ದ ಸೀಸದಿಂದ ಬಂದದ್ದು ಬಂದಲ್ಲೇ ಕೂತಿದೆ. ಗಟಾರದ ಹತ್ತಿರವೂ ಹೋಗದ ಹೊಲಕ್ಕೆ ಸಹ ಕ್ಯಾಡ್ಮಿಯಂ ಬರುವ ದಾರಿ ಒಂದಿದೆ, ರಂಜಕದ ಗೊಬ್ಬರ. ಅದನ್ನು ಮಾಡುವ ಕಲ್ಲಿನಲ್ಲಿಯೇ ಕ್ಯಾಡ್ಮಿಯಂ ಇರುತ್ತದೆ. ಯುರೋಪಿನವರು 2022ರಿಂದ ಗೊಬ್ಬರದಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ, ಒಂದು ಕಿಲೋ ರಂಜಕದ ಪೆಂಟಾಕ್ಸೈಡಿಗೆ (ಗೊಬ್ಬರದ ರಂಜಕವನ್ನು ಲೆಕ್ಕ ಹಿಡಿಯುವ ರೂಪ) 60 ಮಿಲಿಗ್ರಾಂ.

ಕ್ಯಾಡ್ಮಿಯಂ ಸತುವಿನ ದಾಯಾದಿ. ಬೇರಿಗೆ ಇಬ್ಬರ ಗುರುತು ಹತ್ತುವುದಿಲ್ಲ, ಸತು ಒಳಗೆ ಬರುವ ಬಾಗಿಲಲ್ಲೇ ಇದೂ ನುಸುಳುತ್ತದೆ. ಎಲೆಯಿಂದ ನಮ್ಮ ಮೈಗೆ ಬಂದರೆ ಕಿಡ್ನಿಯಲ್ಲಿ ಕೂಡುತ್ತದೆ. ಅದರಲ್ಲಿ ಅರ್ಧ ಹೊರಗೆ ಹೋಗಲು 10ರಿಂದ 30 ವರ್ಷ ಬೇಕು. ಜಪಾನಿನ ತೊಯಾಮಾದಲ್ಲಿ ಗಣಿಯ ನೀರು ಹಾಯ್ದ ಗದ್ದೆಯ ಅಕ್ಕಿ ಉಂಡ ಹೆಂಗಸರ ಎಲುಬು ಮೆತ್ತಗಾಗಿ, ಕೆಮ್ಮಿದರೆ ಮುರಿಯುವಂತಾದವು. ಅವರು 'ಇತಾಯ್, ಇತಾಯ್' ಎಂದು ನರಳುತ್ತಿದ್ದರು, ಅಂದರೆ 'ನೋವು, ನೋವು'. ಅದೇ ರೋಗದ ಹೆಸರಾಯಿತು. ಕಾರಣ ಕ್ಯಾಡ್ಮಿಯಂ ಅಂತ ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಅದು ಗಣಿಯ ಪ್ರಮಾಣ, ನಮ್ಮದು ಆ ಮಟ್ಟದ್ದಲ್ಲ. ಹಾಗಂತ ನಿಮ್ಮ ಹೊಲ ಸುರಕ್ಷಿತ ಅಂತಲೂ ನಾನು ಇಲ್ಲಿ ನಿಂತು ಹೇಳಲಾರೆ. ಅಳೆದವರು ಹೇಳಬೇಕು.

ಅಳೆಯುವುದರಲ್ಲೇ ಒಂದು ತೊಡಕಿದೆ. ನಿಮ್ಮಲ್ಲಿ ಬಹಳ ಮಂದಿಯ ಹತ್ತಿರ ಮಣ್ಣು ಆರೋಗ್ಯ ಚೀಟಿ ಇದೆ. 2015ರಲ್ಲಿ ಶುರುವಾದ ಯೋಜನೆ, ಹನ್ನೆರಡು ಅಂಶ ಬರೆದು ಕೊಡುತ್ತಾರೆ. ರಸಸಾರ (ಪಿಎಚ್, 7ರ ಕೆಳಗೆ ಹುಳಿ, ಮೇಲೆ ಕ್ಷಾರ), ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಆಮೇಲೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ಬೆಳೆಗೆ ಏನು ಕಡಿಮೆ ಬಿದ್ದಿದೆ ಅನ್ನುವುದಕ್ಕೆ ಆ ಚೀಟಿ ಮಾಡಿದ್ದು, ಏನು ಹೆಚ್ಚಾಗಿದೆ ಅನ್ನುವುದಕ್ಕಲ್ಲ. ಒಬ್ಬ ರೈತ ನನ್ನೆದುರು ಚೀಟಿ ಹಿಡಿದು "ಎಲ್ಲಾ ಹಸರ ಬಂದೈತ್ರೀ, ನಮ್ಮ ಮಣ್ಣು ಚೊಕ್ಕ ಐತಿ" ಅಂದ. ಅವನದು ನಾಲಾದ ದಂಡೆಯ ಹೊಲ. ಭಾರಲೋಹ ಬೇಕಾದರೆ ಬೇರೆಯಾಗಿ ಬರೆದುಕೊಟ್ಟು, ಬೇರೆ ಹಣ ಕೊಟ್ಟು ಮಾಡಿಸಬೇಕು. ಮಾಡಿಸುವಾಗ ಎರಡು ಅಂಕಿ ಕೇಳಿ. ಮಣ್ಣಲ್ಲಿ ಒಟ್ಟು ಎಷ್ಟಿದೆ, ಅದರಲ್ಲಿ ಬೇರಿಗೆ ಸಿಗುವುದು ಎಷ್ಟು. ಎರಡನೆಯದನ್ನು ಡಿಟಿಪಿಎ ಅನ್ನುವ ದ್ರಾವಣದಲ್ಲಿ ಮಣ್ಣನ್ನು ಕಲಕಿ ತೆಗೆಯುತ್ತಾರೆ. ಇವತ್ತಿನ ನನ್ನ ಮಾತೆಲ್ಲ ಆ ಎರಡು ಅಂಕಿಯ ನಡುವಿನ ಅಂತರದ್ದೇ.

ಹಾವೇರಿ ಸೀಮೆಯಿಂದ ಬಂದವರು ಹಿಂದೆ ಕೂತಿದ್ದೀರಿ. ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹೋರಿ ಬಿಡುವುದು ನಿಮಗೆ ಗೊತ್ತು. ಅಖಾಡದಲ್ಲಿ ಅದು ಹಾಯುವ ಹೋರಿ. ಮನೆಗೆ ತಂದು ಗೂಟಕ್ಕೆ ಕಟ್ಟಿದ ಮೇಲೆ ಮಕ್ಕಳು ಪಕ್ಕದಲ್ಲೇ ಆಡುತ್ತಿರುತ್ತಾರೆ. ಹೋರಿ ಮಾರಿ ಹೋಗಿಲ್ಲ, ಸಾಧುವೂ ಆಗಿಲ್ಲ, ಹಗ್ಗ ಗಟ್ಟಿ ಇದೆ ಅಷ್ಟೇ. ಬಯೋಚಾರ್ ಮಾಡುವುದು ಇದನ್ನೇ. ಮಣ್ಣಿನಿಂದ ಒಂದು ಮಿಲಿಗ್ರಾಂ ಸೀಸವನ್ನೂ ಅದು ಹೊರಗೆ ಹಾಕುವುದಿಲ್ಲ. ಒಟ್ಟು ಅಂಕಿ ಇದ್ದಷ್ಟೇ ಇರುತ್ತದೆ, ಬೇರಿಗೆ ಸಿಗುವ ಅಂಕಿ ಇಳಿಯುತ್ತದೆ. 'ಮಣ್ಣು ಶುದ್ಧವಾಗುತ್ತದೆ' ಅಂತ ಚೀಲದ ಮೇಲೆ ಬರೆದು ಮಾರುವವರು ಬಂದರೆ ಎರಡೂ ಅಂಕಿ ತೋರಿಸು ಅನ್ನಿ.

ಕಟ್ಟುವುದು ಹೇಗೆ? ತೂತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಸುಲಭಕ್ಕೆ ಹೇಳುತ್ತಾರೆ, ಪೂರ್ತಿ ಸರಿಯಲ್ಲ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದ್ದಲಿ ಪುಡಿ ಕಲಸಿ ಕುಡಿಸುತ್ತಾರಲ್ಲ, ಅದರಲ್ಲಿ ಬೇಕಾದಷ್ಟು ತೂತಿದೆ. ಆದರೂ ಕಬ್ಬಿಣದ ಗುಳಿಗೆ ಹೆಚ್ಚು ನುಂಗಿದವರಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಲೋಹ ಹಿಡಿಯಲು ತೂತು ಸಾಲದು, ಕೊಂಡಿ ಬೇಕು. ಹದವಾದ ಕಾವಿನಲ್ಲಿ ಸುಟ್ಟ ಬಯೋಚಾರಿನ ಮೈಮೇಲೆ ಆಮ್ಲಜನಕ ಸೇರಿದ ಕೊಂಡಿಗಳು ಉಳಿದಿರುತ್ತವೆ. ಸೀಸ, ತಾಮ್ರ ಅವಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಎರಡನೆಯದು ಅದರಲ್ಲಿರುವ ಬೂದಿ. ಅದು ಮಣ್ಣಿನ ಹುಳಿ ಇಳಿಸುತ್ತದೆ, ಹುಳಿ ಇಳಿದರೆ ಲೋಹ ನೀರು ಬಿಟ್ಟು ಕೆಳಗೆ ಕೂಡುತ್ತದೆ. ಎಲುಬು, ಸಗಣಿಯಿಂದ ಮಾಡಿದ ಇದ್ದಲಿಯಲ್ಲಿ ರಂಜಕ ಹೆಚ್ಚು, ಸೀಸದ ಜೊತೆ ಸೇರಿ ಅದು ಕರಗದ ಕಲ್ಲೇ ಆಗಿಬಿಡುತ್ತದೆ. ಕ್ರೋಮಿಯಂನದು ಬೇರೆ ಬಗೆ. ಅದಕ್ಕೆ ಎರಡು ರೂಪ, ಕ್ರೋಮಿಯಂ-ಆರು, ಕ್ರೋಮಿಯಂ-ಮೂರು ಅಂತ ಕರೆಯುತ್ತಾರೆ. ಆರು ಕೆಟ್ಟದ್ದು, ಮೂರು ಅಷ್ಟು ಕೆಟ್ಟದ್ದಲ್ಲ. ಇದ್ದಲಿ ಆರನ್ನು ಮೂರಕ್ಕೆ ಇಳಿಸುತ್ತದೆ.

ಇಲ್ಲಿಗೆ ನಿಲ್ಲಿಸಿ ನಿಮ್ಮ ಕಾಲ ಕೆಳಗಿನ ಮಣ್ಣು ನೋಡಿ. ಬಯೋಚಾರ್ ಚೆನ್ನಾಗಿ ಕೆಲಸ ಮಾಡಿದ ಹೆಸರಾಂತ ಪ್ರಯೋಗ ಚೀನಾದ ಜಿಯಾಂಗ್ಸು ಪ್ರಾಂತ್ಯದ ಭತ್ತದ ಗದ್ದೆಯದು. ಹೆಕ್ಟೇರಿಗೆ 10, 20, 40 ಟನ್ ಗೋದಿ ಹುಲ್ಲಿನ ಇದ್ದಲಿ ಹಾಕಿ ಕೆಲವು ವರ್ಷ ನೋಡಿದರು. ಅಕ್ಕಿಯ ಕ್ಯಾಡ್ಮಿಯಂ ಇಳಿಯಿತು, ಸೊನ್ನೆಗೆ ಹೋಗಲಿಲ್ಲ. ಆ ಮಣ್ಣು ಹುಳಿ ಮಣ್ಣು. ನಮ್ಮ ಎರಿ, ಅಂದರೆ ಕಪ್ಪು ಮಣ್ಣಿನ ಹೊಲದ ರಸಸಾರ ಮೊದಲೇ 8ರ ಹತ್ತಿರ, ಒಳಗೆ ಸುಣ್ಣಕಲ್ಲು, ಮೇಲೆ ಲೋಹವನ್ನು ಹಿಡಿದಿಡುವ ಜಿಗಟು ಜೇಡಿ. ಅಂದರೆ ಅರ್ಧ ಹೋರಿಗಳನ್ನು ಎರಿ ಮಣ್ಣು ತಾನೇ ಕಟ್ಟಿಹಾಕಿಕೊಂಡಿದೆ. ಅಂಥಲ್ಲಿ ಬಯೋಚಾರಿನಿಂದ ಚೀನಾದ ಫಲ ನಿರೀಕ್ಷಿಸಬೇಡಿ, ಕೊಂಡಿಯ ಕೆಲಸವಷ್ಟೇ ಸಿಗುತ್ತದೆ, ಬೂದಿಯ ಕೆಲಸ ಸಿಗುವುದಿಲ್ಲ. ಕಲಘಟಗಿ ಕಡೆಯ, ಹಾನಗಲ್ಲ ಕಡೆಯ ಮಸಾರಿ ಹೊಲ ಬೇರೆ. ಅಲ್ಲಿ ಮಳೆ ಹೆಚ್ಚು, ಮಣ್ಣು ಹುಳಿ, ಕೆಂಪು. ಅದೇ ಇದ್ದಲಿ ಅಲ್ಲಿ ಎರಡು ಕೈಯಿಂದ ದುಡಿಯುತ್ತದೆ. ಇದನ್ನು ಹೇಳದೆ ಎಲ್ಲರಿಗೂ ಒಂದೇ ಲೆಕ್ಕ ಕೊಡುವ ಕೈಪಿಡಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಆ ಲೆಕ್ಕ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ತೂಗಿದರೆ 8ರಿಂದ 9 ಲಕ್ಷ ಕಿಲೋ. ಫಲ ಕಾಣಲು ಸಾಮಾನ್ಯವಾಗಿ ಮಣ್ಣಿನ ತೂಕದ ನೂರಕ್ಕೆ ಒಂದರಿಂದ ಐದು ಪಾಲು ಹಾಕಿ ನೋಡುತ್ತಾರೆ. ಕನಿಷ್ಠ ಒಂದು ಪಾಲು ಅಂದರೂ 8ರಿಂದ 9 ಟನ್ ಇದ್ದಲಿ. ಗುಂಡಿಯಲ್ಲಿ ಸುಟ್ಟರೆ ಒಣ ಕಟ್ಟಿಗೆಯ ಕಾಲು ಭಾಗ ಕೈಗೆ ಬಂದರೆ ದೊಡ್ಡದು. ಹಾಗಾದರೆ 35 ಟನ್ ಕಟ್ಟಿಗೆ ಬೇಕು. ನಮ್ಮ ಕಡೆ ಒಂದು ಎಕರೆ ಹತ್ತಿ ಒಂದು ಟನ್ನಿನ ಆಜುಬಾಜು ಕಟ್ಟಿಗೆ ಕೊಡುತ್ತದೆ ಅಂತ ಹಿಡಿಯಿರಿ. ಒಂದು ಎಕರೆ ಕಟ್ಟಲು 35 ಎಕರೆ ಹತ್ತಿ! ಮುಂದಿನ ಸಾಲಿನ ಹಿರಿಯರೊಬ್ಬರು "ಹೊಲ ಕಟ್ಟಾಕ ಊರ ಸುಡಬೇಕಾತಲ್ರೀ" ಅಂದರು. ಅವರಂದಿದ್ದು ಸರಿ.

ಅದಕ್ಕೇ ಎಕರೆಯ ಮಾತು ಬಿಡಿ, ಗುಂಟೆಯ ಮಾತು ಆಡೋಣ. ಒಂದು ಗುಂಟೆಗೆ ಇದೇ ಲೆಕ್ಕದಲ್ಲಿ 200 ಕಿಲೋ ಚಿಲ್ಲರೆ ಇದ್ದಲಿ ಸಾಕು. ಅಂದರೆ ಹೆಚ್ಚುಕಡಿಮೆ ಒಂದು ಎಕರೆಯ ಹತ್ತಿಕಟ್ಟಿಗೆ ಒಂದು ಗುಂಟೆ ತೊಪ್ಪಲಪಲ್ಯದ ಮಡಿಗೆ. ಇದು ಮನೆಯವರು ಮಾಡಬಹುದಾದ ಕೆಲಸ. ಪಾಲಕ್, ರಾಜಗಿರಿ, ಮೆಂತ್ಯ ಬೆಳೆಯುವ ಮಡಿಗಳಿಗೆ ಹಾಕಿ, ಉಳಿದ ನಾಲಾದ ಹೊಲದಲ್ಲಿ ಬಾಯಿಗೆ ಹೋಗದ ಬೆಳೆ ಬೆಳೆಯಿರಿ. ಹತ್ತಿ ಇದೆ, ಸೇವಂತಿಗೆ ಇದೆ, ಚೆಂಡುಹೂ ಇದೆ, ಔಡಲ ಇದೆ. ಎಲೆಯ ಬೆಳೆ ಲೋಹವನ್ನು ಹೆಚ್ಚು ಎತ್ತುತ್ತದೆ, ಹಣ್ಣು ಕಾಯಿ ಕಡಿಮೆ. ಹೀಗಾಗಿ ಬಯೋಚಾರೇ ಹಾಕದೆ ಬರೀ ಬೆಳೆಯ ಜಾಗ ಬದಲಿಸಿದರೂ ಊಟದ ಕ್ಯಾಡ್ಮಿಯಂ ಇಳಿಯುತ್ತದೆ. ಮತ್ತೆ, ನಾಲಾದ ನೀರು ಹಾಯುವುದು ನಿಲ್ಲದೆ ಇದ್ದಲಿ ಹಾಕುವುದು ಗೂಟ ಹುಗಿಯುತ್ತ ಹುಗಿಯುತ್ತ ಇನ್ನೊಂದು ಹೋರಿ ತಂದ ಹಾಗೆ.

ಮಾಡುವ ಬಗೆ ಹೇಳುತ್ತೇನೆ. ಹತ್ತಿಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟಬೇಡಿ ಅಂತ ಹೇಗೂ ಹೇಳುತ್ತಾರೆ, ಗುಲಾಬಿ ಕಾಯಿಕೊರಕ ಅದರಲ್ಲೇ ಮುಂದಿನ ಹಂಗಾಮಿಗೆ ಕಾದು ಕೂಡುತ್ತದೆ. ಜನ ಬೆಂಕಿ ಹಚ್ಚಿ ಬೂದಿ ಮಾಡುತ್ತಾರೆ. ಬೂದಿ ಮಾಡುವ ಬದಲು ಆಲಿಕೆಯ ಆಕಾರದ ಗುಂಡಿ ತೋಡಿ, ಮೇಲೆ ಅಗಲ, ತಳ ಕಿರಿದು, ಎದೆಯಷ್ಟೇನೂ ಬೇಡ, ಮೊಣಕಾಲು ದಾಟಿದರೆ ಸಾಕು. ಎರಿ ಮಣ್ಣಲ್ಲಿ ಬೇಸಿಗೆಯಲ್ಲಿ ತೋಡಲು ಹೋದರೆ ಹಾರೆಯೇ ಬಾಗುತ್ತದೆ, ಮಳೆ ನಿಂತ ಹಸಿಯಲ್ಲೇ ತೋಡಿಟ್ಟುಕೊಳ್ಳಿ. ತಳದಲ್ಲಿ ಉರಿ ಹಚ್ಚಿ ಕೆಂಡ ಮಾಡಿ. ಅದರ ಮೇಲೆ ಒಣ ಕಡ್ಡಿಯ ತೆಳು ಪದರ ಹಾಕಿ. ಉರಿ ಮೇಲೆ ಎದ್ದು, ಬರುವ ಗಾಳಿಯನ್ನೆಲ್ಲ ತಾನೇ ತಿನ್ನುತ್ತದೆ, ಕೆಳಗಿನ ಕೆಂಡಕ್ಕೆ ಗಾಳಿ ಸಿಗುವುದಿಲ್ಲ. ನೋಡುತ್ತಾ ನಿಲ್ಲಬೇಕು, ಕೆಂಡದ ಮೈಮೇಲೆ ಬಿಳಿ ಬೂದಿಯ ಪೊರೆ ಮೂಡಿತು ಅಂದರೆ ಮುಂದಿನ ಪದರದ ಹೊತ್ತು ಬಂತು. ತಡ ಮಾಡಿದರೆ ಬೂದಿ, ಅವಸರ ಮಾಡಿದರೆ ಹೊಗೆ. ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೆಂಚಿನ ಕಾವು ಓದಿದ ಕಣ್ಣೇ ಬೇಕು. ಗುಂಡಿ ತುಂಬಿದ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ಕೊಡಗಟ್ಟಲೆ ನೀರು ಸುರಿದು ಆರಿಸಿ, ಬಿಸಿ ಆವಿ ಮುಖಕ್ಕೆ ಬಡಿಯುತ್ತದೆ. ಹಸಿ ಇರುವಾಗಲೇ ಜೋಳದ ಕಾಳಿನಷ್ಟು ಸಣ್ಣ ಕುಟ್ಟಿ, ಒಣಗಿಸಿ ಕುಟ್ಟಿದರೆ ಧೂಳು ಎದೆಗೆ ಹೋಗುತ್ತದೆ. ಗದಗ ಕಡೆ ಬಳ್ಳಾರಿ ಜಾಲಿ, ಹಾವೇರಿ ಕಡೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ಏನಾದರೂ ಆದೀತು.

ಏನಾದರೂ ಅಂದೆ, ತಡೆಯಿರಿ. ನಾನು ಒಮ್ಮೆ ಹೊಗೆ ನುಂಗಿದ್ದೇನೆ. ಮೊದಮೊದಲು ಕಟ್ಟಿಗೆ ಸಾಲದೆ, ಯಂತ್ರ ಬಂದಿದ್ದ ಪೆಟ್ಟಿಗೆಗಳ ಹಲಗೆಯನ್ನೂ ಗುಂಡಿಗೆ ಹಾಕಿದೆ. ಹಲಗೆಗೆ ತುಸು ಹಸಿರು ಛಾಯೆ ಇತ್ತು, ಪಾಚಿ ಅಂದುಕೊಂಡೆ. ಅದು ಗೆದ್ದಲು ತಿನ್ನದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಏರಿಸಿದ ಕಟ್ಟಿಗೆ. ಸುಟ್ಟಾಗ ಕಟ್ಟಿಗೆ ಕರಗಿತು, ಲೋಹದ ಬಹುಪಾಲು ಇದ್ದಲಿಯಲ್ಲೇ ಉಳಿದು ದಟ್ಟವಾಯಿತು. ಪರೀಕ್ಷೆಯ ಹಾಳೆ ಕೈಗೆ ಬಂದ ದಿನ ಲೋಹ ಕಟ್ಟಲು ಹೋಗಿ ಲೋಹವನ್ನೇ ಹೊತ್ತು ಹಾಕುವವನಿದ್ದೆನಲ್ಲ ಅಂತ ನಾಚಿಕೆಯಾಯಿತು. ಬಣ್ಣ ಬಳಿದದ್ದು, ಪ್ಲೈವುಡ್ಡು, ಪ್ಲಾಸ್ಟಿಕ್ ಸೇರಿದ್ದು ಗುಂಡಿಯ ಹತ್ತಿರ ಬೇಡ. ನಾಲಾದ ನೀರಲ್ಲೇ ಬೆಳೆದ ಕಡ್ಡಿಯೂ ಬೇಡ, ಅದು ಎತ್ತಿಕೊಂಡ ಲೋಹ ಅದರಲ್ಲೇ ಇರುತ್ತದೆ.

ಆರ್ಸೆನಿಕ್ ಹೆಸರು ಬಂತು, ಗದಗದವರಿಗೆ ಒಂದು ಮಾತು. ಕಪ್ಪತಗುಡ್ಡದ ಸಾಲಿನಲ್ಲಿ ಬ್ರಿಟಿಷರ ಕಾಲದಲ್ಲಿ ಬಂಗಾರದ ಗಣಿ ನಡೆದಿವೆ. ಬಂಗಾರದ ಅದಿರಿನ ಜೊತೆ ಆರ್ಸೆನಿಕ್ ಇರುವ ಕಲ್ಲು ಬರುವುದು ಜಗತ್ತಿನ ಎಷ್ಟೋ ಕಡೆ ಕಂಡದ್ದು. ಗಣಿಯ ಹಳೇ ಮಣ್ಣುರಾಶಿಯ ಹತ್ತಿರ ಹೊಲವಿದ್ದರೆ ಆರ್ಸೆನಿಕ್ ನೋಡಿಸದೆ ಬಯೋಚಾರ್ ಹಾಕಬೇಡಿ. ಸೀಸದ ಹಗ್ಗವೇ ಆರ್ಸೆನಿಕ್ಕಿಗೆ ಬಿಚ್ಚು. ರಸಸಾರ ಏರಿದರೆ, ರಂಜಕ ಬಂದು ಜಾಗ ಕಸಿದುಕೊಂಡರೆ, ಕೂತಿದ್ದ ಆರ್ಸೆನಿಕ್ ಎದ್ದು ನೀರಿಗೆ ಬರುತ್ತದೆ. ಒಂದಕ್ಕೆ ಮದ್ದು ಇನ್ನೊಂದಕ್ಕೆ ವಿಷ ಅನ್ನುವುದು ಇಲ್ಲಿ ಮಾತಿಗಲ್ಲ, ನಿಜವಾಗಿ ಆಗುತ್ತದೆ.

ಇನ್ನೊಂದು ತೊಂದರೆ ಇಲ್ಲಿನ ಎರಿಯದೇ. ಬಯೋಚಾರಿಗೆ ಹೋರಿ ಯಾವುದು, ಎತ್ತು ಯಾವುದು ಗೊತ್ತಾಗುವುದಿಲ್ಲ, ಸತುವನ್ನೂ ಕಟ್ಟಿಹಾಕುತ್ತದೆ. ಎರಿ ಹೊಲದಲ್ಲಿ ಸತು ಮೊದಲೇ ಕೊರತೆ. ಗೋವಿನಜೋಳದ ಎಲೆಯಲ್ಲಿ ಬಿಳಿ ಪಟ್ಟೆ ಕಂಡವರು ಇಲ್ಲಿ ಇದ್ದೀರಿ. ಸತು ಕಡಿಮೆಯಾದ ಬೇರು ದಾಯಾದಿಯನ್ನು ಇನ್ನಷ್ಟು ಒಳಗೆ ಕರೆಯುತ್ತದೆ. ಆದ್ದರಿಂದ ಮಡಿಗೆ ಇದ್ದಲಿ ಹಾಕಿದ ಮೇಲೆ ಚೀಟಿಯ ಸತುವಿನ ಅಂಕಿ ನೋಡಿ, ಬೇಕಾದರೆ ಜಿಂಕ್ ಸಲ್ಫೇಟ್ ಕೊಡಿ. ಆ ಚೀಟಿ ಇದಕ್ಕಾದರೂ ಬರುತ್ತದೆ. ಏನೂ ಬೆರೆಸದ ಇದ್ದಲಿ ಸಾರಜನಕವನ್ನೂ ಹಿಡಿದುಕೊಳ್ಳುತ್ತದೆ, ಹಾಗಾಗಿ ನೇರ ಹಾಕದೆ ತಿಪ್ಪೆಗೊಬ್ಬರ, ದನದ ಗಂಜಲ ಸೇರಿಸಿ ಎರಡು-ಮೂರು ವಾರ ಕಳಿಯಲು ಬಿಡಿ. ತಿಪ್ಪೆಗೊಬ್ಬರವನ್ನು ಜರಡಿ ಹಿಡಿದೇ ಸೇರಿಸಿ. ನಮ್ಮ ತಿಪ್ಪೆಯಲ್ಲಿ ಏನೇನು ಸಿಗುತ್ತದೆ ಅನ್ನುವುದು ಜರಡಿ ಹಿಡಿದವರಿಗೆ ಗೊತ್ತು.

ಪ್ರಶ್ನೆಗಳಿಗೆ ಬಿಟ್ಟಾಗ ಮೊದಲು ಎದ್ದವರು ಒಬ್ಬ ಅಜ್ಜಿ. "ಅಲ್ಲೋ ತಮ್ಮಾ, ಇಷ್ಟೆಲ್ಲಾ ನಮಗ ತಿಳಿಯೂದಿಲ್ಲ. ನಮ್ಮ ಹಿತ್ತಲದಾಗಿನ ಪಾಲಕ ತೊಳದು ತಿಂದ್ರ ನಡೀತೈತೋ ಇಲ್ಲೋ, ಅಷ್ಟ ಹೇಳು."

ಎಲ್ಲರೂ ನಕ್ಕರು, ಆದರೆ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. "ಯವ್ವಾ, ಸೀಸ ಎಲೀ ಒಳಗ ಹೋಗೂದು ಕಡಿಮಿ," ಅಂದೆ. "ಮ್ಯಾಲ ಕುಂತ ಧೂಳದಾಗ, ಸಿಡದ ಮಣ್ಣದಾಗ ಇರತೈತಿ. ಮೂರು ನೀರು ಬದಲಿಸಿ ತೊಳದ್ರ ಅದು ಭಾಳಷ್ಟು ಹೋಗತೈತಿ. ಮಡಿಗೆ ಹುಲ್ಲು ಹೊಚ್ಚಿದ್ರ ಮಳಿಗೆ ಮಣ್ಣು ಸಿಡಿಯೂದೂ ಕಡಿಮಿ. ಕ್ಯಾಡ್ಮಿಯಂ ಹಂಗಲ್ಲ. ಅದು ಬೇರಿನಿಂದ ಎಲೀ ಒಳಗ ಬಂದಿರತೈತಿ, ಎಷ್ಟು ತೊಳದ್ರೂ ಹೋಗೂದಿಲ್ಲ." ಅದನ್ನು ತಿಳಿಯಲು ಎಲೆಯನ್ನೇ ಪರೀಕ್ಷೆಗೆ ಕಳಿಸಬೇಕು. ಹಸೀ ತೊಪ್ಪಲಿನಲ್ಲಿ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ದಾಟಬಾರದು, ಸೀಸ 0.3 ದಾಟಬಾರದು ಅಂತ ಅಂತಾರಾಷ್ಟ್ರೀಯ ಆಹಾರ ಮಾನದಂಡ ಇದೆ. ಮನೆಮನೆಗೂ ಪರೀಕ್ಷೆಯ ಹಣ ಹೊರೆ. ಒಂದೇ ನೀರು ಹಾಯುವ ನಾಲ್ಕು ಹಿತ್ತಲಿನವರು ಕೂಡಿ ಒಂದು ಮಾಡಿಸಿ. ಮಣ್ಣು ತೆಗೆಯುವಾಗ ತಗಡಿನ ಬಕೆಟ್ ಬೇಡ, ಅದರ ಸತುವೇ ಲೆಕ್ಕಕ್ಕೆ ಬಂದುಬಿಡುತ್ತದೆ. ಪ್ಲಾಸ್ಟಿಕ್ ಬುಟ್ಟಿ ಒಯ್ಯಿರಿ, ಗೇಣುದ್ದಕ್ಕಿಂತ ಕೆಳಗೆ ಹೋಗಬೇಡಿ, ಹತ್ತು ಕಡೆಯ ಮಣ್ಣು ಕಲಸಿ ಒಂದು ಮಾಡಿ.

ಹಿಂದಿನ ಸಾಲಿನ ಹಾವೇರಿಯ ಹುಡುಗ ಕಡೆಗೆ ಕೇಳಿದ. "ಸರ, ಹತ್ತು ವರ್ಷ ಆದಮ್ಯಾಲ ಹೋರಿ ಹಗ್ಗ ಹರಕೊಂಡ್ರ?"

ಹರಿದುಕೊಳ್ಳಬಹುದು. ಇದ್ದಲಿ ನೂರಾರು ವರ್ಷ ಕೊಳೆಯದೆ ಇರುತ್ತದೆ, ಅದರಲ್ಲಿನ ಬೂದಿ ಅಷ್ಟು ದಿನ ಇರುವುದಿಲ್ಲ, ಮಳೆಗೆ ತೊಳೆದು ಹೋಗುತ್ತದೆ. ಮೇಲಿಂದ ಯೂರಿಯಾ ಹಾಕುತ್ತಾ ಹೋದಂತೆ ಮಣ್ಣು ಮತ್ತೆ ಹುಳಿಗೆ ತಿರುಗುತ್ತದೆ. ಎರಿಯವರಿಗೆ ಒಳಗಿನ ಸುಣ್ಣಕಲ್ಲು ಕಾವಲಿದೆ, ಅವಸರ ಇಲ್ಲ. ಮಸಾರಿಯವರು ಮಾತ್ರ ಪ್ರತಿ ವರ್ಷ ಮುಂಗಾರಿಗೆ ಮೊದಲು ರಸಸಾರ ನೋಡಿಸಬೇಕು, 6ರ ಕೆಳಗೆ ಬಂದರೆ ಸುಣ್ಣ ಕೊಡಬೇಕು, ಮೂರು ವರ್ಷಕ್ಕೊಮ್ಮೆ ಡಿಟಿಪಿಎ ಅಂಕಿ ತೆಗೆಸಬೇಕು. "ಅಂದ್ರ ಹಗ್ಗ ನೋಡಕೋತ ಇರಬೇಕು," ಅಂದ. ಹೌದು ಅಂದೆ. ಅವನು ಮೊಬೈಲಿನಲ್ಲಿ ಏನೋ ಬರೆದುಕೊಂಡು, ಹಾನಗಲ್ಲ ಬಸ್ಸಿಗೆ ಹೊತ್ತಾಯಿತೆಂದು ಎದ್ದ.